ಲೆಕ್ಕಕ್ಕೆ ಹಿಡಿಯದ ಗಾಳಿ

ಶಿಗ್ಗಾಂವಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಬಾಯಿ ಜೋರು ಎಂದು ಹೆಸರು. ಎರಡು ವಸ್ತು ಕೂಡಿದಾಗ ಯಾವುದು ಮೊದಲು ತೀರುತ್ತದೋ ಅಲ್ಲಿಗೇ ಕ್ರಿಯೆ ನಿಲ್ಲುತ್ತದೆ, ಇನ್ನೊಂದನ್ನು ಚೀಲಗಟ್ಟಲೆ ಸುರಿದರೂ ಉಪಯೋಗವಿಲ್ಲ ಎಂದು ವರ್ಷಕ್ಕೆ ನೂರು ಸಲ ಹೇಳುತ್ತೇನೆ. ತಪ್ಪು ಹೇಳಿದವರ ಮೇಲೆ ಹರಿಹಾಯುತ್ತೇನೆ.

ದುಂಡಸಿಯ ನಮ್ಮ ಗೋವಿನಜೋಳದ ಹೊಲಕ್ಕೆ ಮಂಗಗಳ ಕಾಟ. ಅಪ್ಪ ಸಂತೆಯಿಂದ ಪ್ಲಾಸ್ಟಿಕ್ ಪೈಪಿನ ಬಂದೂಕು ತಂದ. ಒಳಗೆ ಕಾರ್ಬೈಡ್ ಹರಳಿಗೆ ನೀರು ಬಿದ್ದರೆ ಗ್ಯಾಸ್ ಏಳುತ್ತದೆ. ಹಿಂಬದಿಯ ಲೈಟರ್ ಒತ್ತಿದರೆ ಢಮ್ ಎನ್ನುತ್ತದೆ, ಮಂಗಗಳು ಓಡುತ್ತವೆ.

"ಹರಳೆಷ್ಟು, ನೀರೆಷ್ಟು, ಬರದು ಕೊಡವಾ" ಎಂದ.

ನಾನು ಕಲಿತದ್ದನ್ನು ಅಪ್ಪ ಕೇಳಿದ್ದು ಅದೇ ಮೊದಲು. ಉಬ್ಬಿಹೋದೆ. ಎರಡನ್ನೂ ಲೆಕ್ಕ ಹಾಕಿ, ಸದ್ದು ದೊಡ್ಡದಾಗಲಿ ಎಂದು ಅಳತೆ ಸ್ವಲ್ಪ ಹೆಚ್ಚೇ ಇಟ್ಟು, ಚೀಟಿ ಬರೆದುಕೊಟ್ಟೆ.

ಮರುದಿನ ಬೆಳಿಗ್ಗೆ ಹೊಲದಲ್ಲಿ ಅಪ್ಪ ಲೈಟರ್ ಒತ್ತಿದ. ಟಿಕ್. ಮತ್ತೆ ಒತ್ತಿದ. ಟಿಕ್. ಬದುವಿನ ಮೇಲಿನ ಮಂಗಗಳು ತೆನೆ ಸುಲಿಯುತ್ತಲೇ ಇದ್ದವು. "ಹರಳು ಸಾಲವಲ್ತೇನೋ" ಎಂದು ಇನ್ನಷ್ಟು ಹಾಕಿದ. ಟಿಕ್.

ಆಗ ನನಗೆ ಹೊಳೆಯಿತು. ಗ್ಯಾಸ್ ಉರಿಯಲು ಗಾಳಿ ಬೇಕು. ಪುಸ್ತಕದ ಲೆಕ್ಕಗಳಲ್ಲಿ ‘ಆಮ್ಲಜನಕ ಬೇಕಾದಷ್ಟಿದೆ ಎಂದುಕೊಳ್ಳಿ’ ಎಂದಿರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಪೈಪಿನಲ್ಲಿ ಗ್ಯಾಸೇ ತುಂಬಿ ಗಾಳಿಗೆ ಜಾಗವಿರಲಿಲ್ಲ. ಕಡಿಮೆ ಬಿದ್ದದ್ದು ಹರಳಲ್ಲ, ಗಾಳಿ. ಅಷ್ಟರಲ್ಲಿ ಅಪ್ಪ ಹಿಂದಿನ ಮುಚ್ಚಳ ತೆಗೆದು, ಜಾಡಿಸಿ, ಮತ್ತೆ ಹಾಕಿದ. ಈಗ ಗಾಳಿಯೂ ಒಳಗೆ ಹೋಯಿತು. ಇನ್ನು ಕಿಡಿ ತಗುಲಿದರೆ ಸಿಡಿಯುವುದೇ.

"ಅಪ್ಪಾ, ಅದನ್ನ ಕೆಳಗಿಡು."

"ತಡಿ, ಕಿಡಿ ಹಾರ್ತೈತೋ ಇಲ್ಲೋ ನೋಡ್ತೇನಿ."

ಒಂದು ಕೈಯಲ್ಲಿ ಪೈಪು ಹಿಡಿದು ಅದರ ಬಾಯಿಗೆ ಕಣ್ಣಿಟ್ಟ. ಇನ್ನೊಂದು ಕೈ ಚಾಚಿ ಹೆಬ್ಬೆರಳನ್ನು ಲೈಟರಿನ ಮೇಲಿಟ್ಟ. ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಓಡಿಹೋಗಿ ಪೈಪಿಗೆ ಹೊಡೆದೆ. ಅದೇ ಹೊತ್ತಿಗೆ ಅದು ಸಿಡಿಯಿತು.

ಅಪ್ಪ ಮುಖ ಮುಚ್ಚಿಕೊಂಡು ಕುಸಿದು ಕೂತ. ಹುಬ್ಬು ಸುಟ್ಟ ನಾತ ಬರುತ್ತಿತ್ತು. ಕೈ ತೆಗೆ ಎನ್ನಲು ನನಗೆ ಧೈರ್ಯವಿಲ್ಲ. ತೆಗೆದರೆ ನಾನು ನೋಡಬೇಕಲ್ಲ. ಬಂದೂಕಿಗೆಂದು ತಂದಿದ್ದ ಬಾಟಲಿಯ ನೀರನ್ನು ಅವನ ಬೆರಳುಗಳ ಸಂದಿಗೆ ಸುರಿಯುತ್ತಾ ದೇವರೇ, ದೇವರೇ ಎನ್ನುತ್ತಿದ್ದೆ. ನೀರು ಖಾಲಿಯಾಯಿತು.

ಅಪ್ಪ ನಿಧಾನವಾಗಿ ಕೈ ಇಳಿಸಿದ. ಮುಖವೆಲ್ಲ ಮಸಿ. ಒಂದು ಕಣ್ಣು ತೆರೆದ. ತುಸು ಹೊತ್ತಿನ ಮೇಲೆ ಇನ್ನೊಂದು. ನನ್ನ ಮುಖವನ್ನೇ ನೋಡಿದ.

"ಅಳಬ್ಯಾಡವಾ" ಎಂದ. "ನೀ ಬರದಷ್ಟ ಹಾಕಬೇಕಿತ್ತು. ನಾನ ಹೆಚ್ಚಿಗಿ ಹಾಕಿ ಕೆಡಿಸಿದೆ."