ದೀಪಕ್ಕೆ ಪೈಪು ಹಿಡಿದವನ ಮೊಮ್ಮಗಳು

ಕರೆಂಟಿನ ದೀಪಕ್ಕೆ ಸ್ನಾನ ಮಾಡಿಸಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಇಗೋ, ಈ ವಾರ ನಿಮ್ಮೆದುರು ಹಾಜರಾಗಿದ್ದಾನೆ.

ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗಿ.

ನಮ್ಮ ಮೊಮ್ಮಗಳು ನೀಲಾ ನಿಮಗೆ ಗೊತ್ತೇ ಇದ್ದಾಳೆ. (ಅವಳು ಡಿಪ್ಲೊಮಾ ಪಾಸಾದ ಸುದ್ದಿಯನ್ನು ಇದೇ ಜಾಗದಲ್ಲಿ ಎರಡು ವಾರ ಎಳೆದಿದ್ದೆ. ಮೂರನೆಯ ವಾರ ಸಂಪಾದಕರು ಕೈಮುಗಿದರು.) ಈಗ ಆಕೆ ಭೋಸರಿಯ ಒಂದು ಕಂಪನಿಯಲ್ಲಿದ್ದಾಳೆ. ಕಾರ್ಖಾನೆಗಳಿಗೆ ಬೇಕಾಗುವ ದೀಪದ ಫಿಟ್ಟಿಂಗ್ ಮಾಡುವ ಕಂಪನಿ. ಅಲ್ಲಿ ಡ್ರಾಯಿಂಗ್ ಟೇಬಲ್ಲಿನ ಮುಂದೆ ನಿಲ್ಲುವ ಹೆಣ್ಣುಮಗಳು ಇವಳೊಬ್ಬಳೇ. ನಾನೋ, ಮೂರನೆಯ ಇಯತ್ತೆಗೇ ಶಾಲೆಯ ಪಾಟಿ ಕೆಳಗಿಟ್ಟು ಎದ್ದವನು. ಆಮೇಲೆ ಕಲಿತದ್ದೆಲ್ಲ ಮಾರ್ಕೆಟ್ ಯಾರ್ಡಿನಲ್ಲಿ, ಟೆಂಪೋದ ಸ್ಟೇರಿಂಗಿನ ಹಿಂದೆ, ಬ್ಯಾಡಗಿ ಮೆಣಸಿನಕಾಯಿ ಚೀಲದ ಘಾಟಿನಲ್ಲಿ. ಇಂಥವನ ಮೊಮ್ಮಗಳು ಇಂಜಿನಿಯರಮ್ಮ! ಕೋಥರೂಡದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಈ ಸುದ್ದಿ ಮುಟ್ಟದೆ ಉಳಿದಿದ್ದರೆ ಅದು ನೀರಿನ ಟಾಕಿಯ ಮೇಲಿನ ಪಾರಿವಾಳಗಳಿಗೆ ಮಾತ್ರ. (ಅವಕ್ಕೂ ಹೇಳಿಯಾಗಿದೆ ಎನ್ನುತ್ತಾಳೆ ನಮ್ಮಾಕೆ.)

ಆಷಾಢದಲ್ಲಿ ನೀಲಾಳ ಕೈಗೆ ಮೊದಲ ಸ್ವತಂತ್ರ ಕೆಲಸ ಬಂತು. ಮಾರ್ಕೆಟ್ ಯಾರ್ಡಿನ ಹತ್ತಿರದ ಒಂದು ಮೆಣಸಿನಪುಡಿ ಗಿರಣಿ. ಅದರ ಮಾಲೀಕ ಶೇಟ್‌ಜಿಗೆ ಹೊಸ ದೀಪ ಬೇಕು. ಯಾವುದು ಕೊಡಬೇಕು? ನೀಲಾ ಆರಿಸಬೇಕು.

ಇದರಲ್ಲೇನಿದೆ ಮಹಾ, ದೀಪ ಅಂದರೆ ದೀಪ, ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ ಕೇಳಿಯೂಬಿಟ್ಟೆ.

"ಹಂಗಲ್ಲ ಅಜ್ಜಾ. ಕಾರ್ಖಾನಿ ದೀಪಕ್ಕ ಐ.ಪಿ. ಅಂತ ಬರದು ಮುಂದ ಎರಡು ಅಂಕಿ ಹಾಕ್ತಾರ. ಮೊದಲಿಂದು ಧೂಳಿಗೆ, ಎರಡನೇದು ನೀರಿಗೆ."

"ಮಾರ್ಕ್ಸ್ ಇದ್ದಂಗ?"

"ಹೂಂ, ಮಾರ್ಕ್ಸೇ. ಐವತ್ನಾಲ್ಕು ಅಂದ್ರ ಧೂಳಿಗೆ ಐದು, ನೀರಿಗೆ ನಾಲ್ಕು. ಚೂರುಪಾರು ಧೂಳು ಹೋದ್ರೂ ದೀಪ ಕೆಡಂಗಿಲ್ಲ, ನೀರು ಸಿಡಿದ್ರ ನಡೀತದ. ಅರವತ್ತೈದು ಅಂದ್ರ ಧೂಳು ಒಂದು ಕಣಾನೂ ಒಳಗ ಹೋಗಂಗಿಲ್ಲ, ಪೈಪ್ ಹಿಡದು ನೀರು ಹೊಡದ್ರೂ ಹೋಗಂಗಿಲ್ಲ. ಅರವತ್ತೇಳು ಅಂದ್ರ ನೀರಾಗ ಮುಳಗಿಸಿದ್ರೂ ಗಟ್ಟಿ."

"ಮತ್ತ ಯೋಚನಿ ಯಾಕ? ಅರವತ್ತೇಳು ಕೊಟ್ಟುಬಿಡು! ಮೊದಲನೇ ಕೆಲಸ, ಕಂಜೂಸಿ ಮಾಡಬ್ಯಾಡ."

"ಗಿರಣಿ ದೀಪಾನ ಬಾವ್ಯಾಗ ಇಳಸ್ತಾರೇನು ಅಜ್ಜಾ? ನಂಬರ್ ಏರಿದಂಗ ದೀಪಾನೂ ಭಾರ, ರೇಟೂ ಭಾರ, ಸ್ಕ್ರೂನೂ ಜಾಸ್ತಿ. ಟ್ಯೂಬ್ ಬದಲಿ ಮಾಡಾಂವ ಅರ್ಧ ಸ್ಕ್ರೂ ಹಚ್ಚಿ, ಅರ್ಧ ಕಿಸೇದಾಗ ಇಟಗೊಂಡು ಹೋಗ್ತಾನ. ಆಮ್ಯಾಲೆ ಅದರ ನಂಬರ್ ಸೊನ್ನಿ. ದೊಡ್ಡದು ಆರಸೋದಲ್ಲ, ಜಾಗಕ್ಕ ಎಷ್ಟು ಬೇಕೋ ಅಷ್ಟು ಆರಸೋದು."

ಎಂಥಾ ಮಾತು! ಮದುವೆಯ ಬಸ್ತಾ, ಸೀರೆ-ಬಟ್ಟೆ, ಕೊಳ್ಳಲು ಹೋಗುವ ನಮ್ಮ ಹೆಣ್ಣುಮಕ್ಕಳಿಗೆಲ್ಲ ಇದನ್ನು ಯಾರಾದರೂ ಹೇಳಬಾರದೆ?

ನನಗೆ ಹುಚ್ಚೇ ಹಿಡಿಯಿತು. ಅವತ್ತಿಡೀ ಕಂಡಕಂಡವರಿಗೆ ನಂಬರು ಕೊಡುತ್ತ ಕೂತೆ. ಸೊಸೈಟಿ ಸೆಕ್ರೆಟರಿ ಅರವತ್ತೈದು: ಯಾರ ದೂರೂ ಕಿವಿಯೊಳಗೆ ಹೋಗುವುದಿಲ್ಲ. ಕೆಳಗಿನ ಮನೆಯ ಕಾಕು, ಅಂದರೆ ಚಿಕ್ಕಮ್ಮ, ಸೊನ್ನೆ ಸೊನ್ನೆ: ಕಿವಿಗೆ ಹೋದದ್ದೆಲ್ಲ ಬಾಯಿಂದ ಹೊರಗೆ. ನಮ್ಮಾಕೆ ಅರವತ್ತೇಳು: ನನ್ನ ಮಾತಿನಲ್ಲಿ ಮುಳುಗಿಸಿಟ್ಟರೂ ಒಂದು ಹನಿ ಇಳಿಯುವುದಿಲ್ಲ.

ಆದರೆ ನೀಲಾ ನಗಲಿಲ್ಲ. ಅವಳಿಗೊಂದು ಮುಳ್ಳು ಚುಚ್ಚುತ್ತಿತ್ತು. ಆ ಗಿರಣಿಯಲ್ಲಿ ಪ್ರತಿ ವರ್ಷ ದಸರೆಯ ಹೊತ್ತಿಗೆ ದೀಪಗಳು ಸಾಯುತ್ತವಂತೆ! ಶೇಟ್‌ಜಿ ಪ್ರತಿ ಸಲ ಬೇರೆ ಬೇರೆ ಕಂಪನಿಯ ದೀಪ ಹಾಕಿಸಿ ನೋಡಿದ್ದರು. ದೃಷ್ಟಿ ಎಂದು ಬಾಗಿಲಿಗೆ ಕರಿ ಗೊಂಬೆ ಕಟ್ಟಿಸಿದ್ದರು. ಗೊಂಬೆ ಗಟ್ಟಿ, ದೀಪ ಮಾತ್ರ ಹೋಗುತ್ತಿದ್ದವು. ಇವಳು ಹೋಗಿ "ಗಿರಣಿಯಲ್ಲಿ ನೀರಿನ ಬಳಕೆ ಇದೆಯೇ" ಎಂದು ಕೇಳಿದ್ದಳು. ಶೇಟ್‌ಜಿ ಬೆಚ್ಚಿಬಿದ್ದರಂತೆ. ಮೆಣಸಿನಪುಡಿಗೆ ನೀರು ತಾಗಿದರೆ ಬೂಷ್ಟು! ಒಂದು ಹನಿಯೂ ಒಳಗೆ ಬರುವ ಹಾಗಿಲ್ಲ!

ಹಾಗಾದರೆ ಐವತ್ನಾಲ್ಕು ಸಾಕು, ಎಂದರು ಅವಳ ಮ್ಯಾನೇಜರ್ ಸಾಹೇಬರು. ಪುಸ್ತಕವೂ ಹಾಗೇ ಹೇಳುತ್ತದೆ. ಆದರೆ ಜೊತೆಗೆ ಇನ್ನೊಂದು ಮಾತೂ ಹೇಳಿದರು: "ಸಹಿ ನಿಮ್ಮದು. ಈ ದೀಪಗಳೂ ದಸರೆಗೆ ಹೋದರೆ, ಡ್ರಾಯಿಂಗ್ ಟೇಬಲ್ ಬಿಟ್ಟು ಟೈಪಿಂಗ್ ಟೇಬಲ್ಲಿಗೆ ಹೋಗಿ. ಹೆಣ್ಣುಮಕ್ಕಳಿಗೆ ಅದೇ ಸರಿ."

ಇದನ್ನು ಹೇಳುವಾಗ ನೀಲಾ ರೊಟ್ಟಿಯ ತುಂಡನ್ನು ತಾಟಿನಲ್ಲೇ ತಿರುಗಿಸುತ್ತಿದ್ದಳು. ನೌಕರಿ ಇನ್ನೂ ಪ್ರೊಬೇಶನ್, ಕಾಯಂ ಆಗಿಲ್ಲ.

ಶನಿವಾರ ಸಂಜೆ ಐವತ್ನಾಲ್ಕರ ಒಂದು ಸ್ಯಾಂಪಲ್ ದೀಪವನ್ನು ಮನೆಗೆ ತಂದಳು. ಸೋಮವಾರ ನೇರ ಗಿರಣಿಗೆ ಒಯ್ದು ಶೇಟ್‌ಜಿಗೆ ತೋರಿಸಬೇಕು.

ಈಗ ನಿಮಗೊಂದು ಪ್ರಶ್ನೆ. ಮೊಮ್ಮಗಳು ಆರಿಸಿದ ಮೊದಲ ದೀಪ ಮನೆಗೆ ಬಂದಿದೆ. ಮೈತುಂಬ ಪೆಟ್ಟಿಗೆಯಲ್ಲಿ ತುಂಬಿದ್ದ ಕಟ್ಟಿಗೆ ಹೊಟ್ಟು ಅಂಟಿಸಿಕೊಂಡಿದೆ. ಅದನ್ನು ಹಾಗೇ ಇಡಲು ಮನಸ್ಸು ಬರುತ್ತದೆಯೇ? ಹೊಸ ವಸ್ತು ಬಂದರೆ ಮೊದಲು ಸ್ನಾನ, ಆಮೇಲೆ ಅರಿಷಿಣ ಕುಂಕುಮ, ಆಮೇಲೆ ಲಿಂಬೆಹಣ್ಣು. ಇದು ಡ್ರೈವರ್ ಶಾಸ್ತ್ರ. ಹೊಸ ಟಾಯರ್ ಬಂದರೂ ಬಿಟ್ಟವನಲ್ಲ ನಾನು.

ಭಾನುವಾರ ಬೆಳಿಗ್ಗೆ ನೀಲಾ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದಳು. ನಾನು ದೀಪವನ್ನು ಮಗುವಿನಂತೆ ಎತ್ತಿಕೊಂಡು ಕೆಳಗೆ ಅಂಗಳಕ್ಕೆ ಇಳಿದೆ. ಸೊಸೈಟಿಯ ರಬ್ಬರ್ ಪೈಪು ಅಲ್ಲೇ ಇತ್ತು. ನಳ ತಿರುಗಿಸಿದೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ಹೇಗೆ ಚಿಮ್ಮುತ್ತದೆ, ಗೊತ್ತಲ್ಲ? ಆಹಾ! ಮುಂದೆ, ಹಿಂದೆ, ಸಂದಿ, ಮೂಲೆ, ಎಲ್ಲಾ ಕಡೆ ಹೊಡೆದೆ.

ಮೇಲಿನ ಗ್ಯಾಲರಿಯಿಂದ ನಮ್ಮಾಕೆಯ ಕೂಗು ಬಂತು. "ಏನ್ರೀ! ಅದು ಟೆಂಪೋ ಅಲ್ರೀ, ದೀಪ ಅದ!"

"ನನಗೂ ಕಣ್ಣದಾವ!"

"ಕಣ್ಣು ಅದಾವ್ರಿ, ತಲಿ ಎಲ್ಲದ?"

ಒರೆಸಿ, ಕುಂಕುಮ ಹಚ್ಚಿ, ಹೂವು ಇಟ್ಟು ಮೇಲೆ ತಂದೆ. ನೀಲಾ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಬಂದಳು. ದೀಪ ನೋಡಿದಳು. ಎತ್ತಿ ಒಂದು ಕಡೆ ಓರೆ ಮಾಡಿದಳು.

ಗಾಜಿನೊಳಗೆ ನೀರು ಕುಲುಕಿತು. ಎಳನೀರು ಕುಲುಕಿದ ಹಾಗೆ.

"ಅಜ್ಜಾ..." ಅಂದಳು.

"ಮುಗೀತು," ಅಂದಳು ನಮ್ಮಾಕೆ. "ಕೂಸಿನ ನೌಕರಿಗೆ ಎಳ್ಳುನೀರು ಬಿಟ್ರಿ ನೋಡ್ರಿ."

ನನ್ನ ಜೀವ ಚಪ್ಪಲಿಗೆ ಇಳಿಯಿತು. ಭೂಮಿ ಬಾಯಿ ಬಿಡಲಿ ಅಂತ ನೋಡಿದೆ. (ನಮ್ಮದು ಎರಡನೆಯ ಮಜಲು. ಭೂಮಿ ಬಾಯಿ ಬಿಟ್ಟರೂ ಮೊದಲು ಕೆಳಗಿನ ಮನೆಯ ಕಾಕು ಸಿಗುತ್ತಾಳೆ.)

ಆದರೆ ನೀಲಾ ಅಳಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದಳು: "ಎಷ್ಟು ಜೋರ್ ಹೊಡದಿ?"

"ಟೆಂಪೋಕ್ಕ ಹೊಡದಂಗ."

"ಟೆಂಪೋಕ್ಕ ದಿನಾ ಹೊಡೀತಿದ್ಯಾ?"

"ದಿನಾ ಎಲ್ಲಿ ನೀರು ತರೋಣ ಮಗಳ? ದಸರಾಕ್ಕ. ಖಂಡೇನವಮಿ ಆಯುಧಪೂಜಾ ಮುಂದ. ಇಡೀ ಯಾರ್ಡೇ ತೊಳೀತಿತ್ತು. ಗೋದಾಮು, ತಕ್ಕಡಿ, ಕೈಗಾಡಿ..."

"ಗಿರಣಿ?"

"ಗಿರಣಿ ಬಿಡ್ತಾರೇನು?"

ನೀಲಾ ಟವೆಲ್ ಬಿಚ್ಚಿ ಕುರ್ಚಿಯ ಮೇಲೆ ಎಸೆದಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮುಖದೊಳಗೆ ಮಾತ್ರ ಯಾರೋ ಸ್ವಿಚ್ ಒತ್ತಿದಂತಾಗಿತ್ತು. "ದೀಪಾ ಬಿಚ್ಚಬ್ಯಾಡ. ನೀರು ಚೆಲ್ಲಬ್ಯಾಡ. ಹಿಂಗ ಇರಲಿ," ಅಂದಳು.

ಸೋಮವಾರ ನಾನೂ ಜೊತೆಗೆ ಹೊರಟೆ. ಮಾಡಿದ ಪಾಪವನ್ನು ನಾನೇ ಹೊರಬೇಕಲ್ಲ? ಬಸ್ಸಿನಲ್ಲಿ ತೊಡೆಯ ಮೇಲೆ ಕುಂಕುಮ ಹಚ್ಚಿದ ದೀಪ, ಒಳಗೆ ನೀರು. ಕಂಡಕ್ಟರ್ ಬಗ್ಗಿ ನೋಡಿ "ಬಾಬಾ, ಮೀನು ಎಲ್ಲಿ?" ಎಂದು ಮರಾಠಿಯಲ್ಲಿ ಕೇಳಿದ. ದೀಪಕ್ಕೆ ಹೆಗಲ ವಸ್ತ್ರ ಹೊದಿಸಿದೆ. ಮಾನ ಇತ್ತಲ್ಲ.

ಗಿರಣಿಯಲ್ಲಿ ನೀಲಾಳ ಸಾಹೇಬರು ಮೊದಲೇ ಬಂದಿದ್ದರು. ದೀಪ ನೋಡಿ ಅವರ ಮುಖ ಬ್ಯಾಡಗಿಯ ಬಣ್ಣಕ್ಕೆ ತಿರುಗಿತು. ಶೇಟ್‌ಜಿ ಮಾತ್ರ ಹೊಟ್ಟೆ ಕುಣಿಸಿ ನಕ್ಕರು. "ಅರೇ, ದಿವಾ ಆಂಘೋಳ ಕರೂನ ಆಲಾ ಕಾ?" ದೀಪ ಸ್ನಾನ ಮುಗಿಸಿ ಬಂದಿದೆಯೋ ಹೇಗೆ?

ನೀಲಾ ನಗದೆ ಕೇಳಿದಳು: "ಶೇಟ್‌ಜಿ, ಖಂಡೇನವಮಿಗೆ ಗಿರಣಿ ತೊಳೆಯುತ್ತೀರಾ?"

"ಇದೇನು ಕೇಳೋ ಮಾತೇ ಬೇಟಾ? ಛತ್ತಿನಿಂದ ಹಿಡಿದು ತೊಳೆಸ್ತೇನೆ! ಚೀಲ ಎಲ್ಲ ಹೊರಗೆ ಹಾಕಿಸಿ, ಟ್ಯಾಂಕರ್ ಕರೆಸಿ, ಪಂಪಿಗೆ ಪೈಪ್ ಜೋಡಿಸಿ. ವರ್ಷದ ಖಾರ ಎಲ್ಲ ಹೋಗಬೇಕು. ಲಕ್ಷ್ಮಿ ಬರೋ ಜಾಗ!"

"ದೀಪಗಳಿಗೂ?"

"ದೀಪಕ್ಕೆ ಎರಡು ಸಲ! ಪುಡಿ ಕೂತು ಕೆಂಪಾಗಿರ್ತವಲ್ಲ."

ಸಾಹೇಬರು ಬಾಯಿ ತೆರೆದರು. "ಶೇಟ್‌ಜಿ, ನೀವು ಒಂದು ಹನಿ ನೀರೂ ಇಲ್ಲ ಅಂದಿದ್ರಿ!"

ಶೇಟ್‌ಜಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಇಲ್ಲವೇ ಇಲ್ಲ! ಇದು ಪೂಜೆ. ಪೂಜೆಯ ನೀರನ್ನು ಯಾರಾದರೂ ನೀರು ಅಂತ ಲೆಕ್ಕ ಹಿಡೀತಾರೇನು?"

ನೋಡಿದಿರಾ? ಮನುಷ್ಯ ಸುಳ್ಳು ಹೇಳಿರಲಿಲ್ಲ. ನಾವೆಲ್ಲ ಹೀಗೇ ಅಲ್ಲವೇ? ಯಾರಾದರೂ ಕೇಳಿದರೆ ದಿನದ ಮಾತು ಹೇಳುತ್ತೇವೆ, ಹಬ್ಬದ ದಿನ ಲೆಕ್ಕಕ್ಕಿಲ್ಲ. "ಹುಡುಗ ಕುಡೀತಾನೇನ್ರಿ?" "ಛೇ ಛೇ, ಮುಟ್ಟೋದಿಲ್ರಿ!" ಹೋಳಿ ಹುಣ್ಣಿಮೆಯನ್ನು ಯಾರು ಕೇಳಿದರು, ಯಾರು ಹೇಳಿದರು? ಮದುವೆಯಾಗಿ ಮೊದಲ ಹೋಳಿಗೇ ದೀಪ ಫಟ್!

ನೀಲಾ ಅರವತ್ತೈದು ಎಂದು ಬರೆದಳು. ರೇಟು ಜಾಸ್ತಿ, ಗಿರಾಕಿ ಓಡುತ್ತಾನೆ ಎಂದರು ಸಾಹೇಬರು. ಇವಳು ಕಂಪನಿಯ ಅಂಗಳದಲ್ಲೇ ಐವತ್ನಾಲ್ಕು ಮತ್ತು ಅರವತ್ತೈದು, ಎರಡನ್ನೂ ಪಕ್ಕಪಕ್ಕ ತೂಗುಹಾಕಿಸಿ ಪೈಪಿನಿಂದ ನೀರು ಹೊಡೆಸಿದಳು. ಒಂದು ಕುಡಿಯಿತು, ಒಂದು ಕುಡಿಯಲಿಲ್ಲ. ಸಾಹೇಬರು ಎರಡನ್ನೂ ಅಲ್ಲಾಡಿಸಿ ನೋಡಿ ಸಹಿಗೆ ಒಪ್ಪಿದರು. ಟೈಪಿಂಗ್ ಟೇಬಲ್ಲಿನ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳಲಿಲ್ಲ. "ದಸರೆಗೆ ನೋಡೋಣ," ಎಂದರು.

ಗಿರಣಿಯಲ್ಲಿ ಅರವತ್ತೈದರ ದೀಪಗಳು ಕೂತವು. ಶ್ರಾವಣ ಹೋಯಿತು, ಗಣಪತಿ ಬಂದು ಹೋದ. ನಾನು ಯಾವ ದೇವರಿಗೂ ಬೇರೇನೂ ಕೇಳಲಿಲ್ಲ. ದೀಪದ ನೀರು ತಡೆಯುವ ರಬ್ಬರ್ ವಾಶರ್ ಗಟ್ಟಿ ಇರಲಿ ತಂದೆ, ಅಷ್ಟೇ. ಇಂಥ ಬೇಡಿಕೆ ದೇವರಿಗೂ ಹೊಸದೇ ಇರಬೇಕು.

ಹೋದ ವಾರ ಖಂಡೇನವಮಿ. ಶೇಟ್‌ಜಿ ನಮ್ಮಿಬ್ಬರನ್ನೂ ಪೂಜೆಗೆ ಕರೆದಿದ್ದರು. ಸಾಹೇಬರೂ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ನೀಲಾ ಮೊದಲೇ ಹೇಳಿಟ್ಟಿದ್ದಳು: ಮೇನ್ ಸ್ವಿಚ್ ಆರಿಸದೆ ಯಾರೂ ಪೈಪು ಮುಟ್ಟಬಾರದು. ಆರಿಸಿದರು. ಪಂಪು ಗುರ್ ಎಂದಿತು. ಹಮಾಲರು ಪ್ಯಾಂಟು ಮಡಚಿ, ಕೂಗುತ್ತ, ಒಬ್ಬರ ಮೇಲೊಬ್ಬರು ಎರಚುತ್ತ ಛತ್ತಿಗೆ ನೀರು ಹೊಡೆದರು. ಗೋಡೆಯಿಂದ ಕೆಂಪು ನೀರು ಹೊಳೆಯಾಗಿ ಇಳಿಯಿತು. ದೀಪಗಳ ಮೇಲೆ ಬಿದ್ದ ಒಂದೊಂದು ಧಾರೆಯೂ ನನ್ನ ಎದೆಯ ಮೇಲೇ ಬಿದ್ದಂತಾಗುತ್ತಿತ್ತು. ನೀಲಾ ನನ್ನ ಪಕ್ಕದಲ್ಲಿ ನಿಂತು ಓಢಣಿಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಒಣಗಿದ ಮೇಲೆ ಚೆಂಡುಹೂವಿನ ಮಾಲೆ, ಅರಿಷಿಣ, ಕುಂಕುಮ, ಆರತಿ. ಶೇಟ್‌ಜಿ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ ಕೈ ಇಟ್ಟರು. ಪ್ರತಿ ವರ್ಷ ಇದೇ ಗಳಿಗೆಗೆ ಫಟ್ ಫಟ್ ಎನ್ನುತ್ತಿತ್ತಂತೆ. ಹಮಾಲರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ಕಿವಿಯನ್ನೂ ಮುಚ್ಚಿಕೊಂಡ.

ಸ್ವಿಚ್ ಬಿತ್ತು.

ಒಂದು, ಇನ್ನೊಂದು, ಮತ್ತೊಂದು... ಸಾಲಾಗಿ ಅಷ್ಟೂ ಹತ್ತಿದವು. ತೊಳೆದ ಗಾಜು, ತೊಳೆದ ಬೆಳಕು. ತಮ್ಮ ಗಿರಣಿಯ ಗೋಡೆಗೆ ಸುಣ್ಣದ ಬಣ್ಣವಿದೆ ಎಂದು ಶೇಟ್‌ಜಿಗೇ ಅವತ್ತು ಗೊತ್ತಾದಂತಿತ್ತು!

ಸಾಹೇಬರು ಒಂದು ದೀಪದ ಕೆಳಗೆ ಹೋಗಿ ಕತ್ತೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ನೀಲಾಳ ಹತ್ತಿರ ಬಂದು, ದೀಪಾವಳಿಗೆ ಮೊದಲೇ ಕಾಯಂ ಆದ ಕಾಗದ ಕೈಗೆ ಬರುತ್ತದೆ ಎಂದರು. "ಇನ್ನು ಮುಂದೆ ಗಿರಾಕಿಯನ್ನು ಹಬ್ಬದ ಬಗ್ಗೆಯೂ ಕೇಳೋಣ. ಪ್ರಶ್ನೆ ನೀವೇ ಬರೆದುಕೊಡಿ," ಎಂದರು.

"ಯಸ್ ಸರ್," ಅಂದಳು ನನ್ನ ಮೊಮ್ಮಗಳು. ಎಷ್ಟು ಸಣ್ಣ ದನಿ, ಎಷ್ಟು ನೇರ ಕತ್ತು!

ನಾನು ಗೋಡೆಯ ಕಡೆ ತಿರುಗಿ ಧೋತರದ ತುದಿ ಹುಡುಕತೊಡಗಿದೆ. ಶೇಟ್‌ಜಿ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದರು. "ಕಾಯ್ ಬಾಬಾ, ಕಣ್ಣಿಗೆ ಖಾರ ಹತ್ತಿತಾ?"

"ಹೌದ್ರಿ ಶೇಟ್‌ಜಿ, ಭಾಳ ಖಾರ," ಅಂದೆ.

ಈಗಷ್ಟೇ ಛತ್ತಿನಿಂದ ಹಿಡಿದು ತೊಳೆದ ಗಿರಣಿಯಲ್ಲಿ ಖಾರ ಎಲ್ಲಿಂದ ಬರಬೇಕು, ನೀವೇ ಹೇಳಿ?