ಹಾಜಿಯವರ ಕೋವಿಗೆ ಅಳತೆ ಕೊಟ್ಟದ್ದು

ಕೋವಿ ಮಾಡಿಸುವವರು ಮೊದಲು ತೋಟಾ ಆರಿಸುತ್ತಾರೆ, ಆಮೇಲೆ ಅದರ ಸುತ್ತ ಕೋವಿ ಕಟ್ಟಿಸುತ್ತಾರೆ ಎಂಬುದು ನನಗೆ ಗೊತ್ತಾದದ್ದು ಕುವೈತಿನ ಫರ್ವಾನಿಯಾದ ಕ್ಲಿನಿಕ್ಕಿನಲ್ಲಿ. ನಾನು ಅಲ್ಲಿ ಫಿಸಿಯೋಥೆರಪಿಸ್ಟ್. ಹದಿನಾಲ್ಕು ವರ್ಷದಿಂದ ಈ ಊರಿನವರ ಸೊಂಟ, ಮಂಡಿ, ಕುತ್ತಿಗೆಗಳ ಜೊತೆ ಸಂಸಾರ ಮಾಡುತ್ತಿದ್ದೇನೆ. ನನಗೆ ತಾಳ್ಮೆ ಕಡಿಮೆ. ಮನೆಯಲ್ಲಿ ವ್ಯಾಯಾಮ ಮಾಡದೆ ಬಂದು 'ಮಾಡಿದೆ' ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ಹಾಜಿಯವರು ಮೊದಲ ದಿನವೇ ಆ ಸಾಲಿಗೆ ಸೇರಿದರು.

ಎಪ್ಪತ್ತು ದಾಟಿದ ಕುವೈತಿ ಹಿರಿಯರು. ಬಚ್ಚಲಲ್ಲಿ ಜಾರಿ ಬಿದ್ದು ಬಲಭುಜದ ಸ್ನಾಯು ಹರಿದು, ಆಪರೇಷನ್ ಮಾಡಿಸಿಕೊಂಡು ನನ್ನ ಬಳಿ ಬಂದಿದ್ದರು. ಚಿಕ್ಕಂದಿನಲ್ಲಿ ಕೆಲವು ವರ್ಷ ತಂದೆಯ ಜೊತೆ ಮುಂಬಯಿಯಲ್ಲಿ ಇದ್ದವರಾದ್ದರಿಂದ ಹಿಂದಿ ಬರುತ್ತಿತ್ತು. ನಮ್ಮಿಬ್ಬರ ಮಾತು ಹಿಂದಿ, ಅರಬ್ಬಿ, ಇಂಗ್ಲಿಷು ಸೇರಿದ ಕಲಸುಮೇಲೋಗರ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನಾನು ಅವರನ್ನು ಎಲ್ಲರಂತೆ ಹಾಜಿ ಎನ್ನುತ್ತಿದ್ದೆ, ಅವರು ನನ್ನನ್ನು ದಕ್ತೋರಾ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ ಎಂದು ಮೂರು ಸಲ ಹೇಳಿ ಸೋತು ಸುಮ್ಮನಾದೆ.

ಎರಡನೇ ವಾರ ಅವರು ಬಿಳಿ ನಿಲುವಂಗಿಯ ಜೇಬಿನಿಂದ ಒಂದು ಹಿತ್ತಾಳೆಯ ಕೊಳವೆ ತೆಗೆದು ನನ್ನ ಮೇಜಿನ ಮೇಲೆ ನಿಲ್ಲಿಸಿದರು. ನನ್ನ ನಡುಬೆರಳಿಗಿಂತ ದಪ್ಪ, ಹೆಚ್ಚುಕಡಿಮೆ ಅಷ್ಟೇ ಉದ್ದ.

"ಹೆದರಬೇಡಿ ದಕ್ತೋರಾ, ಖಾಲಿ ಚಿಪ್ಪು. ದೊಡ್ಡ ಮ್ಯಾಗ್ನಮ್ ತೋಟಾದ್ದು. ಇದಕ್ಕೆ ತಕ್ಕ ಕೋವಿ ಯುರೋಪಿನಲ್ಲಿ ಮಾಡಿಸುತ್ತಿದ್ದೇನೆ."

ಪ್ರಾಯದಲ್ಲಿ ಅವರು ಒಳ್ಳೆಯ ಗುರಿಗಾರರಂತೆ. ಆದರೆ ಎಲ್ಲ ಸಣ್ಣ ಕೋವಿ, ಸಣ್ಣ ದೂರ. ಸಾಯುವುದರೊಳಗೆ ಒಂದೇ ಒಂದು ಆಸೆ ಉಳಿದಿದೆ ಎಂದರು. ಮರುಭೂಮಿಯಲ್ಲಿರುವ ಶೂಟಿಂಗ್ ಕ್ಲಬ್ಬಿನಲ್ಲಿ ಮಲಗಿ, ಒಂದು ಕಿಲೋಮೀಟರ್ ದೂರದ ಉಕ್ಕಿನ ತಟ್ಟೆಗೆ ಹೊಡೆಯಬೇಕು. ಗುಂಡು ಹೋಗಿ ತಾಗಿ, ಸದ್ದು ತಿರುಗಿ ಬರುವಷ್ಟರಲ್ಲಿ ನಾಲ್ಕು ಎಣಿಸಬಹುದಂತೆ. ಆ ನಾಲ್ಕು ಎಣಿಕೆ ಕಾದು ಆಮೇಲೆ 'ಟಣ್' ಎಂದು ಕೇಳಬೇಕು. ಅಷ್ಟೇ.

"ಅದಕ್ಕೆ ಈ ಭುಜ ಬೇಕು," ಎಂದು ಬಲಭುಜ ತಟ್ಟಿಕೊಳ್ಳಲು ಹೋಗಿ "ಆಹ್" ಎಂದರು.

ನನಗೆ ಉಪಾಯ ಹೊಳೆಯಿತು. ಕ್ಲಿನಿಕ್ಕಿನ ಗೋಡೆಯ ಮೇಲೆ ಮರದ ಪುಟ್ಟ ಏಣಿ ಇದೆ. ಭುಜ ಬಿಗಿದವರು ಬೆರಳುಗಳನ್ನು ಅದರ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಹತ್ತಿಸಬೇಕು. "ಹಾಜಿ, ಒಂದು ಮೆಟ್ಟಿಲು ಮೇಲೇರಿದರೆ ಕೋವಿಯ ಒಂದು ಭಾಗದ ವಿಷಯ ಮಾತಾಡಬಹುದು. ಏರದಿದ್ದರೆ ಖಲಾಸ್, ಬಾಯಿಗೆ ಬೀಗ" ಎಂದೆ. ಅಂದಿನಿಂದ ಅವರು ಮನೆಯಲ್ಲೂ ವ್ಯಾಯಾಮ ಮಾಡತೊಡಗಿದರು. ಆರನೇ ಮೆಟ್ಟಿಲು ಮುಟ್ಟಿದ ದಿನ ನಳಿಗೆಯ ಉದ್ದ ತೀರ್ಮಾನವಾಯಿತು. ಎಂಟನೆಯದಕ್ಕೆ ದುರ್ಬೀನು. ಒಂಬತ್ತನೆಯದು ಹತ್ತದೆ ಹತ್ತು ದಿನ ಕಳೆದಾಗ ಟ್ರಿಗರಿನ ಬಗ್ಗೆ ಹೇಳಲಾಗದೆ ಅವರು ಒದ್ದಾಡಿದ್ದು ನೋಡಬೇಕಿತ್ತು.

ನಾನು ಈ ಸುದ್ದಿಯನ್ನು ಮನೆಗೆ ತಂದದ್ದು ತಪ್ಪಾಯಿತು. ನನ್ನ ಗಂಡ ಅರ್ದಿಯಾದ ಗೋದಾಮೊಂದರಲ್ಲಿ ಪೈಪು, ಫಿಟ್ಟಿಂಗುಗಳ ಸ್ಟೋರ್‌ಕೀಪರ್. ಜೀವನದಲ್ಲಿ ಸೊಳ್ಳೆಗಿಂತ ದೊಡ್ಡದನ್ನು ಕೊಂದವರಲ್ಲ. ಆದರೆ ನಳಿಗೆ ಎಂದರೆ ಅವರ ಪ್ರಕಾರ ಪೈಪೇ ತಾನೇ. ತನಗೆ ಗೊತ್ತಿರುವ ಸಂಗತಿ ಎಂದುಕೊಂಡರು. ಮೀನು ಹುರಿಯುವಾಗಲೂ ಅದೇ ಮಾತು.

"ತೂಕ ಕಡ್ಮೆ ಮಾಡ್ಬೇಡಿ ಅಂತ ಹೇಳು ಅವ್ರಿಗೆ. ಕೋವಿ ಭಾರ ಇದ್ರೆ ಭುಜಕ್ಕೆ ಬೀಳುವ ಒದೆತ ಕಡ್ಮೆ. ಏಳೆಂಟು ಕಿಲೋ ಆದ್ರೂ ಇರ್ಲಿ."

"ಆ ಮನುಷ್ಯನಿಗೆ ಚಾದ ಲೋಟ ಎತ್ಲಿಕ್ಕೆ ಆಗುದಿಲ್ಲ. ಎಂಟು ಕಿಲೋ ಎತ್ತುದು ಯಾರು, ನೀವಾ?"

"ಎತ್ಲಿಕ್ಕೆ ಎಂತಕ್ಕೆ ಮಾರಾಯ್ತಿ? ಅದಕ್ಕೆ ಮುಂದೆ ಎರಡು ಕಾಲು ಉಂಟಲ್ಲ, ನೆಲದ ಮೇಲೆ ಕೂತ್ಕೊಳ್ತದೆ."

ನಾನು ಕೇಳದಿದ್ದರೂ ಕುಚ್ಚಲಕ್ಕಿಯ ಚೀಲದಲ್ಲಿ ಎಂಟು ಕಿಲೋ ತೂಗಿ, ಊಟದ ಮೇಜಿನ ಮೇಲೆ ಇಟ್ಟು, 'ಇಷ್ಟು' ಎಂದು ತೋರಿಸಿದರು. ಎರಡು ದಿನ ನಾವು ಆ ಚೀಲದ ಪಕ್ಕದಲ್ಲೇ ಊಟ ಮಾಡಿದೆವು. ಮೂರನೆಯ ದಿನ ಅದರಿಂದಲೇ ಅನ್ನ ಮಾಡಿದೆ.

ಹತ್ತನೇ ಮೆಟ್ಟಿಲು ಮುಟ್ಟಿದ ದಿನ ಹಾಜಿಯವರು ಕೋವಿ ಮಾಡುವವರು ಕಳಿಸಿದ ಅಳತೆ ನಮೂನೆಯ ಹಾಳೆ ತಂದರು. ದರ್ಜಿಯವನು ಕೇಳುವುದಕ್ಕಿಂತ ಹೆಚ್ಚು ಅಳತೆಗಳು. ಮೊಣಕೈ ಮಡಿಸಿ ಅಲ್ಲಿಂದ ತೋರುಬೆರಳಿನ ತುದಿಯವರೆಗೆ, ಕೆನ್ನೆಯಿಂದ ಭುಜಕ್ಕೆ, ಅಂಗೈ ಅಗಲ. ನಾನು ಟೇಪು ಹಿಡಿದು ಒಂದೊಂದನ್ನೂ ಎರಡೆರಡು ಸಲ ಅಳೆದೆ. ಕೆಳಗೆ ಎರಡು ಚೌಕ ಇದ್ದವು: ಬಲಗೈಯವರು, ಎಡಗೈಯವರು. ಕೇಳದೆಯೇ ಬಲ ಎಂದು ಗುರುತು ಹಾಕಿ, ಅವರ ಕೈಗೆ ಕೊಟ್ಟೆ. ಅವರೂ ನೋಡಿ ತಲೆಯಾಡಿಸಿದರು. ಭುಜದ ಸರ್ಜನ್ ಒಪ್ಪಿಗೆಯ ಸಹಿ ಹಾಕಿದರೆ ಮುಗಿಯಿತು.

ಸರ್ಜನ್ ಹಾಕಲಿಲ್ಲ. ಕೈ ಮೇಲೆ ಹೋಗುತ್ತದೆ, ತಲೆ ಬಾಚಿಕೊಳ್ಳಬಹುದು, ಆದರೆ ಆ ಒದೆತ ಒಂದೇ ಒಂದು ಸಲ ಬಿದ್ದರೂ ಹೊಲಿಗೆ ಬಿಟ್ಟುಹೋಗುತ್ತದೆ ಎಂದರಂತೆ. ಇನ್ನು ಯಾವತ್ತೂ ಇಲ್ಲ.

ಹಾಜಿಯವರು ಬಂದು ಕುರ್ಚಿಯಲ್ಲಿ ಕೂತರು. ಏಣಿಯ ಕಡೆ ನೋಡಲೇ ಇಲ್ಲ. ಹಿತ್ತಾಳೆಯ ಚಿಪ್ಪನ್ನು ಮೇಜಿನ ಮೇಲಿಟ್ಟು, "ಇದು ಇಲ್ಲೇ ಇರಲಿ, ಪೆನ್ನು ಇಟ್ಟುಕೊಳ್ಳಿ" ಎಂದು ಎದ್ದು ಹೋದರು. ನನಗೆ ಬಹಳ ಬೇಸರವಾಯಿತು. ಆಸೆ ತೋರಿಸಿ ಅವರನ್ನು ಹತ್ತು ಮೆಟ್ಟಿಲು ಹತ್ತಿಸಿದವಳು ನಾನೇ ಅಲ್ಲವೇ? ಸರ್ಜನ್ ಮೇಲೆ ಸಿಟ್ಟು, ನನ್ನ ಮೇಲೆ ಸಿಟ್ಟು, ಪೆನ್ನು ಹಿಡಿಸದ ಆ ಚಿಪ್ಪಿನ ಮೇಲೂ ಸಿಟ್ಟು.

ಸಂಜೆ ಅಡುಗೆಮನೆಯಲ್ಲಿ ಈರುಳ್ಳಿಯನ್ನು ಟಕಟಕ ಕೊಚ್ಚುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು.

"ಇವತ್ತು ಭಾರೀ ಸಿಟ್ಟು ಉಂಟಲ್ಲ ನಿಂಗೆ."

"ನಿಮಗೆ ಹೇಗೆ ಗೊತ್ತು?"

"ಸಿಟ್ಟು ಬಂದ್ರೆ ನಿನ್ನ ಚೂರಿ ಎಡಗೈಗೆ ಹೋಗ್ತದೆ."

ನೋಡಿಕೊಂಡೆ. ಹೌದು. ನಾನು ಹುಟ್ಟಿನಿಂದ ಎಡಚಿ. ಎಡಗೈಯಲ್ಲಿ ಉಣ್ಣಬಾರದು, ಕೊಡಬಾರದು, ಶಿಲುಬೆಯ ಗುರುತು ಹಾಕಬಾರದು ಎಂದು ಅಜ್ಜಿ ಮಣಿಕಟ್ಟಿಗೆ ಹೊಡೆದು ಹೊಡೆದು ಬಲಕ್ಕೆ ತಿರುಗಿಸಿದ್ದರು. ಎಷ್ಟು ಚೆನ್ನಾಗಿ ತಿರುಗಿಸಿದ್ದರೆಂದರೆ, ದಿನವಿಡೀ ಜನರ ಕೈಕಾಲು ನೋಡುವ ನಾನೇ, ಮನುಷ್ಯನಿಗೆ ಇನ್ನೊಂದು ಭುಜ ಇದೆ ಎಂಬುದನ್ನು ಮರೆತು ಬಲದ ಚೌಕಕ್ಕೆ ಗುರುತು ಹಾಕಿದ್ದೆ! ಹಣೆ ಚಚ್ಚಿಕೊಂಡೆ. ಕೈಗೆ ಈರುಳ್ಳಿ ಹತ್ತಿದ್ದರಿಂದ ಕಣ್ಣೂ ಉರಿಯಿತು.

ಮರುದಿನ ಹಾಜಿಯವರಿಗೆ ಫೋನ್ ಮಾಡಿ ಕರೆಸಿದೆ. "ಎಡಭುಜಕ್ಕೆ ಮಾಡಿಸಿ" ಎಂದೆ. ಅವರ ಮುಖ ಕೆಂಪಾಯಿತು.

"ಎಡಗೈಯಲ್ಲಾ? ನಾನಾ?"

ಉಣ್ಣಲು ಎಡಗೈ ಸಲ್ಲದು, ಸಲಾಮಿಗೆ ಸಲ್ಲದು, ಕಾಫಿ ಕೊಡಲು ಸಲ್ಲದು. ಜೀವನದ ಕೊನೆಯ ಆಸೆಯನ್ನು ಅಂಥ ಕೈಯಲ್ಲಿ ತೀರಿಸಿಕೊಳ್ಳುವುದೇ ಎಂದು ಕೂಗಾಡಿದರು. ನನ್ನ ಅಜ್ಜಿಯೇ ನಿಲುವಂಗಿ ತೊಟ್ಟು ಬಂದಂತಿತ್ತು. ನಾನು ಒಂದು ಹಾಳೆ ತೆಗೆದು ಬಲಗೈಯಲ್ಲಿ ಸಹಿ ಹಾಕಿದೆ. ಅದರ ಕೆಳಗೆ, ಸುಮಾರು ನಲವತ್ತು ವರ್ಷಗಳ ಮೇಲೆ ಮೊದಲ ಬಾರಿಗೆ ಇನ್ನೊಬ್ಬರ ಎದುರು, ಎಡಗೈಯಲ್ಲಿ ಹಾಕಿದೆ. ಎರಡನೆಯದು ದುಂಡಗೆ, ಸರಾಗವಾಗಿ ಬಂತು. ನನಗೇ ಕಣ್ಣು ತುಂಬಿತು. ಈ ಸಲ ಈರುಳ್ಳಿ ಇರಲಿಲ್ಲ.

ಹಾಜಿಯವರು ಹಾಳೆ ಎತ್ತಿ ಎರಡೂ ಸಹಿಗಳನ್ನು ಹೋಲಿಸಿ ನೋಡಿದರು. ಆಮೇಲೆ ದನಿ ತಗ್ಗಿಸಿ, "ನೀವು ನಿಮ್ಮ ಗುಟ್ಟು ತೋರಿಸಿದಿರಿ, ನಾನೂ ಒಂದು ಹೇಳುತ್ತೇನೆ. ಮಗನಿಗೆ ಗೊತ್ತಾಗಬಾರದು. ಬಲಗಣ್ಣಿಗೆ ಪೊರೆ ಬರುತ್ತಿದೆ" ಎಂದರು.

"ಮತ್ತೆ ಬಲಭುಜಕ್ಕೆ ಕೋವಿಯಿಟ್ಟು ಆ ದುರ್ಬೀನಿನಲ್ಲಿ ಏನು ನೋಡುವವರಿದ್ದಿರಿ?"

"ಅಲ್ಲಾಹು ತೋರಿಸಿದ್ದು!"

ಇಬ್ಬರೂ ನಕ್ಕದ್ದು ಕೇಳಿ ಪಕ್ಕದ ಕೋಣೆಯವರು ಬಾಗಿಲು ತಟ್ಟಿದರು.

ಎಡಭುಜದ ಅಳತೆಗಳನ್ನು ಹೊಸದಾಗಿ ತೆಗೆದೆವು. ನಮೂನೆಯಲ್ಲಿ ತೋಟಾ ತುಂಬಲು ಎಳೆಯುವ ಬೋಲ್ಟು ಎಡಕ್ಕೆ ಬಂತು, ಕೆನ್ನೆಯಿಡುವ ಜಾಗ ತಿರುಗಿತು. ಒದೆತ ತಗ್ಗಲಿ ಎಂದು ಗಂಡನ ಎಂಟು ಕಿಲೋ ಉಳಿಯಿತು; ಅವರು ಒಂದು ವಾರ ಎದೆಯುಬ್ಬಿಸಿ ಓಡಾಡಿದರು. ಎಡಭುಜವನ್ನು ಪರೀಕ್ಷಿಸಿದ ಸರ್ಜನ್ ಒಂದು ಷರತ್ತು ಹಾಕಿದರು: ಮೂರು ತಿಂಗಳು ಅದನ್ನು ಬಲಪಡಿಸಿ, ಮೊದಲು ಸಣ್ಣ ಕೋವಿಯಲ್ಲಿ ಹೊಡೆದು ನೋಡಲಿ, ಆಮೇಲೆ ಸಹಿ. ಹಾಜಿಯವರು ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಎಡಗೈಯಲ್ಲಿ ಬರೆಯುವುದನ್ನೂ ಅಭ್ಯಾಸ ಮಾಡಿದರಂತೆ. ಮಗ ಕೇಳಿದರೆ ದಕ್ತೋರಾ ಹೇಳಿದ್ದು ಎನ್ನುತ್ತಿದ್ದರಂತೆ. ನಾನು ಹೇಳಿರಲಿಲ್ಲ.

ಮೂರು ತಿಂಗಳು ಮುಗಿದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ನಮ್ಮನ್ನೂ ಕ್ಲಬ್ಬಿಗೆ ಕರೆದುಕೊಂಡು ಹೋದರು. ಚಳಿಗಾಳಿ, ನುಣ್ಣಗೆ ಮರಳು. ತಟ್ಟೆ ಇದ್ದದ್ದು ನೂರು ಮೀಟರಿನಲ್ಲಿ, ಕೋವಿ ಸಣ್ಣದು. ಮೊದಲ ಗುಂಡು ಮರಳಿಗೆ. ಎರಡನೆಯದೂ ಮರಳಿಗೆ. ನನ್ನ ಗಂಡ ಉಸಿರು ಬಿಗಿಹಿಡಿದು ನನ್ನ ಕೈ ಹಿಚುಕುತ್ತಿದ್ದರು. ಮೂರನೆಯದಕ್ಕೆ 'ಟಣ್' ಎಂದಿತು; ಎಣಿಸಲು ಸಮಯವೇ ಇರಲಿಲ್ಲ. ಹಾಜಿಯವರು ಕೋವಿ ಕೆಳಗಿಟ್ಟು ಹಾಗೆಯೇ ಚಾಪೆಯ ಮೇಲೆ ಮುಖವೂರಿ ಮಲಗಿದರು. ಗಾಬರಿಯಾಗಿ ಓಡಿಹೋದೆ. ನಗುತ್ತಿದ್ದರು, ಅಳುತ್ತಲೂ ಇದ್ದರು. ಭುಜ ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ.

ಸರ್ಜನ್ ಸಹಿ ಹಾಕಿದ ದಿನ ಹಾಜಿಯವರು ಹೊಸ ನಮೂನೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಎಡದ ಚೌಕಕ್ಕೆ ತಾವೇ ಗುರುತು ಹಾಕಿದರು. ಕೋವಿ ಬರಲು ಹತ್ತು ತಿಂಗಳು ಬೇಕಂತೆ. ನನ್ನ ಮೇಜಿನ ಮೇಲಿದ್ದ ಹಿತ್ತಾಳೆಯ ಚಿಪ್ಪನ್ನು ಎತ್ತಿ, "ಅಲ್ಲಿಯವರೆಗೆ ಇದು ನಿಮ್ಮ ಹತ್ತಿರವೇ ಇರಲಿ. ಆ ದಿನ ತನ್ನಿ, ನಾಲ್ಕರವರೆಗೆ ನೀವೇ ಎಣಿಸಬೇಕು" ಎಂದು ನನ್ನತ್ತ ಚಾಚಿದರು. ಎಡಗೈಯಲ್ಲಿ. ನಾನೂ ಎಡಗೈ ಚಾಚಿದ್ದೆ. ಇಬ್ಬರೂ ಒಮ್ಮೆ ಕೈಗಳನ್ನು ನೋಡಿಕೊಂಡೆವು. ಯಾರೂ ಕೈ ಬದಲಾಯಿಸಲಿಲ್ಲ.