ಬಂದರಿನ ಇಳಿಜಾರಿನಲ್ಲಿ ಆಸ್ಗರ್

ವೆರ್ನರ್ ತೋಫ್ಟ್ ಬಂದರು ಪಟ್ಟಣ ಲೆಮ್ವಿಯ ಸುತ್ತಲಿನ ಹಳ್ಳಿಗಳಲ್ಲಿ ಹಾಲಿನ ಟ್ಯಾಂಕರ್ ಓಡಿಸುತ್ತಲೇ ತಲೆ ನರೆಸಿಕೊಂಡವನು. ಊರವರ ಬಾಯಲ್ಲಿ ಮಾತ್ರ ಅವನು ‘ಆಸ್ಗರ್‌ನ ಅಪ್ಪ’.

ಮಗನಿಗೆ ಸೈಕಲ್ ಹುಚ್ಚು ಹಿಡಿಸಿದವನು ಅವನೇ. ಸಮುದ್ರದ ಗಾಳಿಗೆ ಎದೆಯೊಡ್ಡಿ ತುಳಿಯುವ ಹುಡುಗನ ಹಿಂದೆ ಟ್ಯಾಂಕರಿನ ಹಾರ್ನ್ ಬಾರಿಸುತ್ತಾ ಹುರಿದುಂಬಿಸಿದ್ದ. ಆಸ್ಗರ್ ದೊಡ್ಡ ತಂಡ ಸೇರಿದರೂ ವರ್ಷಗಟ್ಟಲೆ ನಾಯಕನಿಗೆ ನೀರು ಹೊತ್ತ, ಅವನಿಗೆ ಗಾಳಿ ತಾಗದಂತೆ ಮುಂದೆ ತುಳಿದ. ಒಂದು ಬೇಸಿಗೆ ಫ್ರಾನ್ಸಿನ ಬೆಟ್ಟದಲ್ಲಿ ಕಾಲು ಸೋತ ನಾಯಕ “ನೀನಾದ್ರೂ ಹೋಗು” ಅಂದ. ಆಸ್ಗರ್ ಹೋದ, ಆ ದಿನದ ಓಟ ಗೆದ್ದ. ಲೆಮ್ವಿಯ ಮನೆಮನೆಯ ಮೇಲೂ ಬಾವುಟ ಏರಿತು.

ಮರುವರ್ಷ ಅದೇ ರೇಸು ನೋಡಲು ಜನ ಊರಿನ ಚೌಕದಲ್ಲಿ ದೊಡ್ಡ ಪರದೆ ಕಟ್ಟಿದರು. ಎಲ್ಲರೂ ಬಿಯರ್ ಹಿಡಿದು ನೋಡುತ್ತಿದ್ದಾಗಲೇ ಆಸ್ಗರ್ ಕಡಿದಾದ ಇಳಿಜಾರಿನಲ್ಲಿ ತಡೆಗೋಡೆ ಹಾರಿ ಬಿದ್ದ. ಇಡೀ ಚೌಕ ವೆರ್ನರ್‌ನತ್ತ ತಿರುಗಿತು. ಅವನು ಮಗನಿಗೆ ಫೋನ್ ಹಚ್ಚುತ್ತಲೇ ಇದ್ದ, ಎತ್ತುವವರಿರಲಿಲ್ಲ.

ಸೊಂಟದ ಮೂಳೆ ಕೂಡಿಕೊಂಡಿತು. ಭಯ ಹೋಗಲಿಲ್ಲ. ಚೇತರಿಸಿಕೊಳ್ಳಲೆಂದು ಆಸ್ಗರ್ ಅಪ್ಪನ ಮನೆಗೇ ಬಂದ.

“ಇಳಿಜಾರು ಕಂಡ್ರೆ ಕೈ ತಾನಾಗೇ ಬ್ರೇಕ್ ಹಿಡಿಯತ್ತಪ್ಪ. ನಾನು ಹಿಡಿಯೋದಲ್ಲ.”

“ನಿಧಾನಕ್ಕೆ ರೂಢಿಯಾಗತ್ತೆ ಬಿಡೋ” ಅಂದ ವೆರ್ನರ್. ಗಾಳಿಯನ್ನು ಎದುರಿಸುವುದನ್ನು ಕಲಿಸಬಲ್ಲವನಿಗೆ ಇದಕ್ಕೆ ಮದ್ದು ಗೊತ್ತಿರಲಿಲ್ಲ.

ಮುಂದಿನ ವರ್ಷದ ಆಗಸ್ಟಿನಲ್ಲಿ ಊರಿನದೇ ರೇಸು. ಬಂದರಿಗೆ ಧುಮುಕುವ ರಸ್ತೆಯಲ್ಲಿ ಸುತ್ತಿಸುತ್ತಿ ಓಡಬೇಕು. ಗೋಡೆಗೋಡೆಯ ಮೇಲೂ ಆಸ್ಗರ್‌ನ ಮುಖ. ರೇಸಿನ ಉಸ್ತುವಾರಿ ಬೇಕರಿಯ ಬೋದಿಲ್‌ಳದು. ವೆರ್ನರ್ ಅವಳ ಅಂಗಡಿಗೆ ಹೋದ.

“ಬೋದಿಲ್, ಅವನಿಗೆ ಇಷ್ಟ ಇಲ್ಲ ಕಣೆ.”

“ಅಯ್ಯೋ, ಗೆಲ್ಲು ಅಂದೋರ್ಯಾರು? ಮುಖ ತೋರಿಸ್ಲಿ, ಸಾಕು. ಜನ ಅಷ್ಟೊಂದು ಪ್ರೀತಿ ಇಟ್ಕೊಂಡಿದಾರೆ, ಅವನು ಬರಲ್ಲ ಅಂತ ಅವರಿಗೆ ನೀನೇ ಹೇಳ್ತೀಯಾ?”

ಬೈದಿದ್ದರೆ ವೆರ್ನರ್ ತಿರುಗಿ ಬೈಯುತ್ತಿದ್ದ. ಪ್ರೀತಿಗೆ ಏನೆಂದು ಉತ್ತರಿಸುವುದು? ಅವಳು ಕಟ್ಟಿಕೊಟ್ಟ ರೈ ಬ್ರೆಡ್ಡು ಹಿಡಿದು ಮನೆಗೆ ಬಂದ.

“ಒಂದ್ಸಲ ಹೋಗ್ಬಂದ್ಬಿಡು” ಅಂದ ಮಗನಿಗೆ. ಆಸ್ಗರ್ ಎದ್ದು ಸೈಕಲ್ ಹೊರಗೆ ತೆಗೆದ.

ರೇಸಿನ ದಿನ ಬೆಳಿಗ್ಗೆಯೇ ಮಳೆ ಬಂದು ಕಲ್ಲುಹಾಸು ಜಾರುತ್ತಿತ್ತು. ಮೊದಲ ಇಳಿತದಲ್ಲೇ ಆಸ್ಗರ್ ಬ್ರೇಕ್ ಹಿಡಿದ; ಉಳಿದವರೆಲ್ಲ ಮುಂದಕ್ಕೆ ಹಾರಿದರು. ಹಿಂದೆ ಬಿದ್ದಷ್ಟೂ ಜನರ ಕೂಗು ಏರಿತು: “ಆಸ್ಗರ್! ಆಸ್ಗರ್!” ಎಳೆಯ ಹುಡುಗರು ಒಂದು ಸುತ್ತು ಮುಗಿಸಿ ಹಿಂದಿನಿಂದ ಬಂದು ಅವನನ್ನು ದಾಟಿದಾಗ ಚಪ್ಪಾಳೆ ಇನ್ನೂ ಜೋರಾಯಿತು. ಯಾರೂ ಹಂಗಿಸಲಿಲ್ಲ. ಒಬ್ಬನಾದರೂ ಹಂಗಿಸಿದ್ದರೆ ಚೆನ್ನಾಗಿತ್ತು ಅನ್ನಿಸಿತು ವೆರ್ನರ್‌ಗೆ.

ಆಸ್ಗರ್ ಅಪ್ಪನೆದುರಿಗೆ ಬಂದು ಕಾಲೂರಿ ನಿಂತ. ತುಟಿ ಬೆಳ್ಳಗಾಗಿತ್ತು.

“ಅಪ್ಪ, ಇವರಿಗೆ ಚಪ್ಪಾಳೆ ನಿಲ್ಲಿಸೋಕೆ ಹೇಳು.”

ವೆರ್ನರ್ ಎರಡೂ ಕೈ ಮೇಲೆತ್ತಿದ, “ಸಾಕು, ಸಾಕು” ಎಂದ. ಅಪ್ಪನೂ ಕುಣಿಯುತ್ತಿದ್ದಾನೆಂದು ತಿಳಿದ ಜನ ತಾವೂ ಕೈಯೆತ್ತಿ ಕೂಗಿದರು. ಆಸ್ಗರ್ ಅದನ್ನು ನೋಡಿದ. ಇಳಿದು, ಸೈಕಲ್ ತಳ್ಳಿಕೊಂಡು ಬೇಲಿಯುದ್ದಕ್ಕೂ ನಡೆದ. ಬೆನ್ನು ತಟ್ಟುವ ಕೈಗಳು ದಾರಿ ಬಿಡಲಿಲ್ಲ.

ಚಳಿಗಾಲಕ್ಕೆ ಮುಂಚೆಯೇ ಅವನು ದಕ್ಷಿಣದ ಲೊಲಾನ್ ದ್ವೀಪಕ್ಕೆ ಹೋಗಿ ಅಂಚೆ ಹಂಚುವ ಕೆಲಸ ಹಿಡಿದ. ಅಂಗೈಯಷ್ಟು ಸಪಾಟಾದ ನೆಲ ಅದು. ಅಪ್ಪನ ಜೊತೆ ಫೋನಿನಲ್ಲಿ ಹವಾಮಾನದ ಮಾತಷ್ಟೇ ಆಡುತ್ತಾನೆ.

“ಈ ಸಲ ರೇಸಿಗೆ ಬರ್ತಾನಲ್ಲ?” ಎಂದು ಬೋದಿಲ್ ಈಗಲೂ ಕೇಳುತ್ತಾಳೆ.

“ಕೇಳ್ತೀನಿ” ಅನ್ನುತ್ತಾನೆ ವೆರ್ನರ್. ಕೇಳುವುದಿಲ್ಲ.